ಬಾಗಿಲು ಹಾಕಿದರೂ ನಿಲ್ಲುವ ಮೆಟ್ಟಿಲು

ಟ್ರಕ್ಕಿನ ಮೆಟ್ಟಿಲಿಗೆ ಹೊಸ ಮೋಟರ್ ಹಾಕಿಸಿದರೆ ಗಾಜಿನವಳ ಆರು ವಾರದ ದುಡಿಮೆ ಖರ್ಚು. ಹಳೆಯದನ್ನೇ ರಿಪೇರಿ ಮಾಡಿಸಿದರೆ ಮೂರು ವಾರದ್ದು, ಅದೂ ಮತ್ತೆ ಕೆಡುವುದಿಲ್ಲವೆಂದು ಯಾರೂ ಬರೆದುಕೊಡುವುದಿಲ್ಲ. ಮೋಟರ್‌ಗಳನ್ನು ಕಿತ್ತುಹಾಕಿ, ಟ್ರಕ್ಕಿನ ಎರಡೂ ಬದಿಯ ಮೆಟ್ಟಿಲುಗಳು ಯಾವಾಗಲೂ ಹೊರಗೇ ಇರುವಂತೆ ಬಿಗಿದುಬಿಟ್ಟರೆ ಎರಡು ದಿನದ ದುಡಿಮೆ, ಹದಿನಾರು ಬೋಲ್ಟು.

"ಹದಿನಾರು ಸಾಕಾ?" ಎಂದಳು ಗಾಜಿನವಳು.

"ನಿಮಗೆ ಅಂತ ಬೇಕಾದ್ರೆ ಇಪ್ಪತ್ತು ಹಾಕ್ತೀನಿ," ಎಂದ ವೆಲ್ಡರ್.

ಅವಳು ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಕಿಟಕಿ ಗಾಜುಗಳನ್ನು ಮನೆಮನೆಗೆ, ಅಂಗಡಿ ಅಂಗಡಿಗೆ ಸಾಗಿಸುವುದು ಅವಳ ಕಸುಬು. ಒಂಬತ್ತು ವರ್ಷದಿಂದ ಈ ಟ್ರಕ್ಕನ್ನು ಅವಳೇ ಓಡಿಸುತ್ತಿದ್ದಾಳೆ. ಆಳೆತ್ತರದ ಗಾಜನ್ನೂ ಒಂದು ಗೀರು ಬೀಳದಂತೆ ಇಳಿಸುವವಳೆಂದು ಹೆಸರು. ಈ ಶೆಡ್ಡಿನ ಒಂದೇ ಒಂದು ಕಿಟಕಿಗೆ ಎರಡು ವರ್ಷದಲ್ಲಿ ನಾಲ್ಕು ಸಲ ಗಾಜು ತಂದುಕೊಟ್ಟಿದ್ದಳು. ನಾಲ್ಕನೆಯ ಸಲ ಅವನು ಅಳತೆಪಟ್ಟಿ ಹಿಡಿದುಕೊಂಡೇ, ಕಿಟಕಿಯ ಕಡೆ ನೋಡುತ್ತಾ, "ನೀವು ದಿನಾ ಬರೋ ಹಾಗಿದ್ರೆ ಚೆನ್ನಾಗಿತ್ತು" ಎಂದಿದ್ದ. ಅವಳು "ಅಮ್ಮನ ಕಾಲು ವಾಸಿಯಾಗಲಿ" ಎಂದು ಹೇಳಿ ಹೊರಟಿದ್ದಳು.

ಅದಾಗಿ ಎರಡು ತಿಂಗಳು. ಅಮ್ಮನ ಕಾಲಿನ ಮೂಳೆ ಕೂಡಿತ್ತು. ಪಟ್ಟಿ ಬಿಚ್ಚಿದ ಡಾಕ್ಟರು, "ಇನ್ನು ನಡೀಬಹುದು" ಎಂದಿದ್ದರು. ಆದರೆ ಅಮ್ಮ ನಡೆಯಲಿಲ್ಲ.

"ಮೂಳೆಗೆ ಏನೂ ಆಗಿಲ್ಲ ಕಣೇ, ನಂಬಿಕೆ ಹೋಗಿದೆ. ಚೆನ್ನಾಗಿ ನಿಂತಿದ್ದೋಳು ಹಾಗೆ ಬಿದ್ನಲ್ಲ! ಕಾಲು ಯಾವಾಗ ಕೈಕೊಡುತ್ತೋ ಯಾರಿಗೆ ಗೊತ್ತು?" ಎಂದು ಕುರ್ಚಿಯಲ್ಲೇ ಕೂತಿರುತ್ತಿದ್ದಳು ಅಮ್ಮ. ಬಾತ್‌ರೂಮಿಗೆ ಹೋಗುವಾಗಲೂ ಮಗಳ ಭುಜ ಬೇಕು. ಗೋಡೆ ಹಿಡಿದ ಅಮ್ಮನ ಬೆರಳುಗಳು ಬೆಳ್ಳಗಾಗುವುದನ್ನು ನೋಡಿದಾಗಲೆಲ್ಲ ಗಾಜಿನವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಏಕೆಂದರೆ ಅಮ್ಮನ ಕಾಲು ಕೈಕೊಟ್ಟಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

ವೆಲ್ಡರ್ ಟ್ರಕ್ಕಿನಡಿ ಮಲಗಿ ಟಾರ್ಚ್ ಹಾಕಿದ. ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಳು. ಅವನ ಬೂಟು, ಮೊಣಕಾಲು ಮಾತ್ರ ಕಾಣುತ್ತಿದ್ದವು.

"ಹಗ್ಗದಲ್ಲಿ ಕಟ್ಟಿದ್ದೀರಲ್ಲ ಇದನ್ನ?"

"ಎಡಗಡೇದು ಸರಿಯಾಗಿ ಹೊರಗೆ ಬರ್ತಿರಲಿಲ್ಲ."

"ಬರದೇ ಇರೋದಲ್ಲ ಇದರ ರೋಗ." ಅವನು ಹೊರಗೆ ತೆವಳಿದ. ಮೂಗಿನ ಮೇಲೆ ಗ್ರೀಸಿನ ಗೆರೆಯಿತ್ತು. "ಬಾಗಿಲು ತೆಗೆದ್ರೆ ಮೆಟ್ಟಿಲು ಹೊರಗೆ ಬರಬೇಕು, ಹಾಕಿದ್ರೆ ಒಳಗೆ ಹೋಗಬೇಕು. ಮೇಲೆ ಯಾರಾದ್ರೂ ನಿಂತಿದ್ರೆ ಭಾರ ನೋಡಿ ತಡೀಬೇಕು. ಆ ತಡೆಯೋದೇ ಸತ್ತಿದೆ. ನಿಂತೋರನ್ನ ಬೀಳಿಸಿಕೊಂಡು ಒಳಗೆ ಹೋಗುತ್ತೆ ಇದು."

ಅವಳು ಸ್ಟೂಲನ್ನು ಹಿಂದಕ್ಕೆ ಸರಿಸಿದಳು.

"ಆದ್ರೆ ತಾನಾಗಿ ಹೋಗಲ್ಲ," ಎಂದು ಸೇರಿಸಿದ ಅವನು ಮೆಲ್ಲಗೆ. "ಯಾರಾದ್ರೂ ಬಾಗಿಲು ಹಾಕಬೇಕು."

ಅವನು ಅವಳ ಮುಖ ನೋಡಿದ, ಒಂದೇ ಒಂದು ಕ್ಷಣ. ಅವಳು ಮೊಬೈಲ್ ತೆಗೆದು ಯಾರ ಮೆಸೇಜೂ ಇಲ್ಲದ ಪರದೆಯನ್ನು ನೋಡತೊಡಗಿದಳು. ಅವನು ಇನ್ನೇನೂ ಕೇಳದೆ ಸ್ಪ್ಯಾನರ್ ತೆಗೆದುಕೊಂಡು ಮತ್ತೆ ಕೆಳಗೆ ಸರಿದ.

ಎರಡು ದಿನ ಕೆಲಸ ನಡೆಯಿತು. ಮೋಟರ್‌ಗಳು ಹೊರಬಂದವು. ವೈರುಗಳ ತುದಿಗೆ ಟೇಪು ಸುತ್ತಿ ಮೇಲಕ್ಕೆ ಕಟ್ಟಿದ, ಫ್ಯೂಸು ಕಿತ್ತ. ದಪ್ಪ ಕಬ್ಬಿಣದ ಪಟ್ಟಿ ಬಗ್ಗಿಸಿ, ರಂಧ್ರ ಕೊರೆದು, ಮೆಟ್ಟಿಲಿನ ತೋಳನ್ನು ಗಾಡಿಯ ಚೌಕಟ್ಟಿಗೆ ಬಿಗಿದ.

"ವೆಲ್ಡರ್ ಅಂತ ಬೋರ್ಡ್ ಹಾಕಿಕೊಂಡು ಬರೀ ಬೋಲ್ಟ್ ಹಾಕ್ತೀರಲ್ಲ?" ಎಂದಳು, ಅಂಜಿಕೆಯನ್ನು ಮರೆಸಲು.

"ಚೌಕಟ್ಟಿಗೆ ಬೆಂಕಿ ತೋರಿಸಬಾರದು, ಶಕ್ತಿ ಹೋಗುತ್ತೆ. ಅದೂ ಅಲ್ಲದೆ, ಬೆಸುಗೆ ಒಳಗೊಳಗೇ ಬಿರುಕು ಬಿಟ್ರೂ ಮೇಲೆ ನಗ್ತಾ ಇರುತ್ತೆ. ಬೋಲ್ಟ್ ಹಾಗಲ್ಲ. ಸಡಿಲ ಆದ್ರೆ ಲಟಲಟ ಅಂತ ಬಾಯಿಬಿಟ್ಟು ಹೇಳುತ್ತೆ."

ಅವಳು ತಲೆ ತಗ್ಗಿಸಿದಳು.

ಎರಡನೆಯ ದಿನ ಮಧ್ಯಾಹ್ನ ಅವನು ಕೈ ಒರೆಸಿಕೊಂಡು ಎದ್ದ. "ಮುಗೀತು. ಇನ್ನು ಪರೀಕ್ಷೆ. ನಮ್ಮ ಶೆಡ್ಡಲ್ಲಿ ಒಂದು ಪದ್ಧತಿ ಇದೆ. ಮಾಡಿದೋನು ಮೇಲೆ ನಿಲ್ಲಬೇಕು, ಗಾಡಿಯೋರು ಅದು ಕೈಕೊಡೋ ಹಾಗಿನ ಕೆಲಸಾನೇ ಮಾಡಬೇಕು. ಒಳಗೆ ಕೂತ್ಕೊಳ್ಳಿ."

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಎಡಬದಿಯ ಬಾಗಿಲು ತೆರೆದಿತ್ತು. ಅವನು ಆ ಮೆಟ್ಟಿಲನ್ನು ಹತ್ತಿ, ಅಡ್ಡಡ್ಡ ಸರಿದು, ಹಿಂದೆ ಗಾಜು ಕಟ್ಟುವ ಕಂಬಿಯನ್ನು ಹಿಡಿದು ನಿಂತ. ಸರಿಯಾಗಿ ಅಮ್ಮ ನಿಂತಿದ್ದ ಜಾಗ. ಬೇಕೆಂದೇ ನಿಂತನೋ, ಎಲ್ಲರೂ ನಿಲ್ಲುವುದೇ ಅಲ್ಲೋ, ಅವಳಿಗೆ ತಿಳಿಯಲಿಲ್ಲ.

"ಬಾಗಿಲು ಎಳ್ಕೊಳ್ಳಿ."

ಅವಳು ಸೀಟಿನ ಮೇಲೆ ಬಾಗಿ ಹಿಡಿಕೆಗೆ ಕೈ ಹಾಕಿದಳು. ಬೆರಳು ಮುಚ್ಚಲಿಲ್ಲ. ಅಮ್ಮ ಬಿದ್ದ ದಿನ ಹಿಂದಿನಿಂದ ಯಾವುದೋ ಕಾರು ಹಾರ್ನ್ ಹೊಡೆಯುತ್ತಿದ್ದದ್ದು, ಗುಂಯ್ ಎಂಬ ಮೋಟರಿನ ಸದ್ದು, ಆಮೇಲೆ ಬಿದ್ದ ಸದ್ದು, ಎಲ್ಲವೂ ಒಟ್ಟಿಗೆ ಕಿವಿಗೆ ನುಗ್ಗಿದವು. ಅವಳು ಕೈ ಹಿಂದಕ್ಕೆ ತೆಗೆದಳು.

"ನನ್ನಿಂದ ಆಗಲ್ಲ. ಇಳೀರಿ."

"ಯಾಕೆ?"

"ಇಳೀರಿ ಅಂದ್ನಲ್ಲ! ಮುರಿದುಹೋದ್ರೆ?"

"ಮುರಿದ್ರೆ ನನ್ನ ಸೊಂಟ, ನನ್ನ ಬೋಲ್ಟು. ನೀವ್ಯಾಕೆ ನಡುಗ್ತೀರಿ?"

ಆಗ ಅವಳು ಹೇಳಿದಳು. ಅವನಿಗೆ ಹೇಳಿದಳೋ ಡ್ಯಾಶ್‌ಬೋರ್ಡಿಗೆ ಹೇಳಿದಳೋ. ಅಮ್ಮ ಇಳಿದಳೆಂದುಕೊಂಡು ಬಾಗಿಲು ಎಳೆದದ್ದು ತಾನೇ. ಅಮ್ಮ ಇನ್ನೂ ಇಳಿದಿರಲಿಲ್ಲ, ಹಿಂದಿನಿಂದ ಚೀಲ ತೆಗೆದುಕೊಳ್ಳಲು ಮೆಟ್ಟಿಲ ಮೇಲೇ ಸರಿದಿದ್ದಳು. ಮೆಟ್ಟಿಲು ಕೆಟ್ಟಿದೆಯೆಂದು ಒಂದು ತಿಂಗಳ ಮೊದಲೇ ಗೊತ್ತಿತ್ತು, ಮುಂದೂಡಿದ್ದಳು. ಬಿದ್ದು ಪ್ರಜ್ಞೆ ತಪ್ಪಿದ್ದ ಅಮ್ಮ ಕಣ್ಣು ಬಿಟ್ಟು "ಏನಾಯ್ತೇ?" ಎಂದಾಗ ಬಾಯಿಗೆ ಬಂದದ್ದು, "ಚಪ್ಪಲಿ ಜಾರಿತು, ಕಾಲು ನಿಲ್ಲಲಿಲ್ಲಮ್ಮ."

"ಆ ಒಂದು ಮಾತು ನಂಬಿ ಅವಳು ನಡೆಯೋದೇ ಬಿಟ್ಟಿದ್ದಾಳೆ. ನಿಜ ಹೇಳಿದ್ರೆ ನನ್ನ ಮುಖ ನೋಡಲ್ಲ. ಹೇಳದೇ ಇದ್ರೆ ನಡೆಯಲ್ಲ. ಈಗ ನೀವೂ..."

"ನಾನೂ ಏನು?"

"ನೀವೂ ನನ್ನ ಮುಖ ನೋಡಲ್ಲ."

ಶೆಡ್ಡಿನಾಚೆ ಯಾರದೋ ಸೈಕಲ್ ಹೋದ ಸದ್ದಾಯಿತು. ಅವನು ಇಳಿಯಲಿಲ್ಲ.

"ನಿನ್ನೆ ಟಾರ್ಚ್ ಹಾಕಿದಾಗಲೇ ಅರ್ಥ ಆಗಿತ್ತು ನನಗೆ. ಆಮೇಲೂ ಎರಡು ದಿನ ನಿಮ್ಮ ಮುಖಾನೇ ನೋಡ್ತಿದ್ದೆ. ಬೇಕಾದ್ರೆ ಬೆರಳು ತೋರಿಸ್ತೀನಿ, ನಾಲ್ಕು ಸಲ ಸುತ್ತಿಗೆ ಅದರ ಮೇಲೇ ಬಿದ್ದಿದೆ."

ಅವಳು ಅಳುತ್ತಲೇ ಉಸಿರು ಬಿಟ್ಟದ್ದು ಅರ್ಧ ನಗುವಾಯಿತು.

"ಇನ್ನೊಂದು ಹೇಳ್ಲಾ? ನೀವೊಬ್ಬರೇ ತಪ್ಪು ಒಪ್ಪಿಕೊಂಡ್ರೆ ಸರಿಯಿರಲ್ಲ," ಎಂದ ಅವನು, ಕಿಟಕಿಯ ಕಡೆ ಗಲ್ಲ ತೋರಿಸುತ್ತಾ. "ಮೊದಲನೇ ಗಾಜು ಒಡೆದದ್ದು ಗಾಳಿಗೆ. ಮಿಕ್ಕ ಮೂರು ನಾನೇ ಒಡೆದದ್ದು. ಈಗ ಬಾಗಿಲು ಹಾಕಿ, ಕೈ ನೋಯ್ತಿದೆ."

ಅವಳು ಕಣ್ಣು ಮುಚ್ಚಿ ಎಳೆದಳು.

ಧಡ್. ಅಷ್ಟೇ. ಗುಂಯ್ ಎನ್ನಲಿಲ್ಲ. ಕಣ್ಣು ತೆರೆದಾಗ ಅವನು ಮುಚ್ಚಿದ ಬಾಗಿಲಿನ ಬಳಿಗೆ ಸರಿದುಬಂದು, ಗಾಜಿನಾಚೆಯಿಂದ, ಮೂಗಿನ ಮೇಲಿನ ಗ್ರೀಸಿನ ಸಮೇತ, ಅವಳ ಕಣ್ಣಿಗೆ ಸಮನಾಗಿ ನೋಡುತ್ತಿದ್ದ. ಮೂರು ಸಲ ಎಗರಿದ. ಮೆಟ್ಟಿಲು ಕದಲಲಿಲ್ಲ. ಅವನ ಉಸಿರಿನಿಂದ ಗಾಜು ಮಬ್ಬಾಯಿತು. ಅವಳು ಒಳಗಿನಿಂದ ಅಂಗೈ ಇಟ್ಟಳು. ಅವನು ಹೊರಗಿನಿಂದ ಇಟ್ಟ. ಬೇಗ ತೆಗೆಯಲಿಲ್ಲ.

ಕಿಟಕಿ ಇಳಿಸಿ ಅವಳು ಕೇಳಿದಳು, "ಅಮ್ಮನ ಹತ್ರ ಬರ್ತೀರಾ?"

"ಹೇಳೋದು ನೀವೇ. ನಾನು ಬಾಗಿಲ ಹತ್ರ ನಿಂತಿರ್ತೀನಿ."

ಮನೆಯಲ್ಲಿ ಅಮ್ಮ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಮಗಳು ಹೇಳಿ ಮುಗಿಸಿ ಬಾಗಿಲಿನ ಕಡೆ ನೋಡಿದಳು. ಅವನು ಅಲ್ಲೇ ಇದ್ದ.

"ಮೂರು ತಿಂಗಳು," ಎಂದಳು ಅಮ್ಮ ಕೊನೆಗೆ. "ಮೂರು ತಿಂಗಳು ನನ್ನ ಕಾಲಿಗೆ ನಾನೇ ಶಾಪ ಹಾಕಿದೆ. ಒಳ್ಳೇ ಚಪ್ಪಲಿ ಕಸಕ್ಕೆ ಹಾಕಿಸಿದೆ. ಇನ್ನೂ ಎರಡು ವರ್ಷ ಬಾಳಿಕೆ ಬರೋ ಚಪ್ಪಲಿ! ಹೋಗು, ಇವತ್ತು ನನ್ನ ಜೊತೆ ಮಾತಾಡಬೇಡ."

"ಅಮ್ಮಾ..."

"ಮಾತಾಡಬೇಡ ಅಂದೆ."

ಹಾಗೆಂದವಳೇ ಕುರ್ಚಿಯ ಕೈ ಒತ್ತಿ ಎದ್ದಳು. ಮಗಳು ಭುಜ ಕೊಡಲು ಹೋದಳು. ಅಮ್ಮ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಬರಿಗಾಲಲ್ಲಿ, ಗೋಡೆ ಮುಟ್ಟದೆ, ಸಿಟ್ಟಿನಲ್ಲಿ ಬಾಗಿಲ ತನಕ ನಡೆದಳು. ಹನ್ನೊಂದು ಹೆಜ್ಜೆ. ಮಗಳು ಉಸಿರು ಹಿಡಿದು ಎಣಿಸಿದಳು.

ಅಮ್ಮ ವೆಲ್ಡರನನ್ನು ಮೇಲಿನಿಂದ ಕೆಳಗೆ ನೋಡಿದಳು. "ಗಾಜು ಒಡೆಯೋನು ನೀನೇನಾ?"

"ಹೌದು ಅಮ್ಮ."

"ಒಂದು ಕಿಟಕಿಗೆ ನಾಲ್ಕು ಗಾಜು ಅಂದಾಗಲೇ ಅಂದ್ಕೊಂಡೆ. ಎಲ್ಲಿ, ಆ ಮೆಟ್ಟಿಲು ತೋರಿಸು. ಇವಳನ್ನ ಬಾಗಿಲ ಹತ್ರ ಬಿಡಬೇಡ."

ಅಮ್ಮ ಮಗಳೊಡನೆ ಮಾತಾಡಿದ್ದು ನಾಲ್ಕನೆಯ ದಿನ, ಹೊಸ ಚಪ್ಪಲಿಯ ಅಂಗಡಿಯಲ್ಲಿ. ಹಳೆಯ ಸಲಿಗೆ ಪೂರ್ತಿ ಮರಳಲು ಒಂದು ವರ್ಷವೇ ಹಿಡಿಯಿತು. ಈಗಲೂ ಅಮ್ಮ ಇಳಿದ ಮೇಲೆ "ಇಳಿದೆ" ಎಂದು ಕೂಗಿ ಹೇಳುತ್ತಾಳೆ, ಆ ಕೂಗು ಮಗಳಿಗೆ ಪ್ರತಿ ಸಲವೂ ಚುಚ್ಚುತ್ತದೆ. ಮೆಟ್ಟಿಲು ಹೊರಗೇ ಇರುವುದರಿಂದ ಟ್ರಕ್ಕು ಎರಡೂ ಬದಿಗೆ ಒಂದೊಂದು ಗೇಣು ಅಗಲವಾಯಿತು. ಗೋದಾಮಿನ ಹಿಂದಿನ ಓಣಿಯಲ್ಲಿ ಹಿಡಿಸುವುದಿಲ್ಲ, ದಿನಾ ಹತ್ತು ನಿಮಿಷ ಸುತ್ತು. ಆ ಸುತ್ತುದಾರಿಯಲ್ಲೇ ವೆಲ್ಡರನ ಶೆಡ್ಡು. ಈಗ ಅದು ಅವಳ ಗಂಡನ ಶೆಡ್ಡು. ಅಮ್ಮ ನಡೆಯುತ್ತಾಳೆ. ಕಿಟಕಿಯ ಗಾಜು ಆಮೇಲೆ ಒಡೆದಿಲ್ಲ.