ಮೀಸೆ ಇರೋ ಸೆಂಟು

“ಯಾರ್ರೀ ಹೋತವನ್ನ ಒಳಗೆ ಬಿಟ್ಟಿದ್ದು?”

ಚಹಾ ಕಂಪನಿಯ ರುಚಿ ನೋಡುವ ಕೋಣೆ. ಮೇಜಿನ ಮೇಲೆ ಸಾಲಾಗಿ ಮೂವತ್ತು ಬಿಳಿ ಬಟ್ಟಲು. ಸುತ್ತ ಆರು ಜನ ಖರೀದಿದಾರರು, ಜೊತೆಗೆ ನಮ್ಮ ಮ್ಯಾನೇಜರು. ಅಷ್ಟೂ ಜನರ ಮುಂದೆ, ಚಹಾದ ರುಚಿ ನೋಡಿ ದರ್ಜೆ ಹೇಳುವ ಅವಳು ಮೂಗು ಮುಚ್ಚಿಕೊಂಡು ಅಂದ ಮಾತು ಅದು. ಹೋತ ಬೇರೆ ಯಾರೂ ಅಲ್ಲ, ಆ ಕೋಣೆಯ ಗೀಸರ್ ರಿಪೇರಿಗೆ ಬಂದ ಕಂಪನಿಯ ಫಿಟ್ಟರ್ ನಾನೇ.

ಎಲ್ಲರೂ ಗೊಳ್ಳೆಂದರು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ಮಾತಿಗೆ ಮಾತು ಕೊಡುವುದರಲ್ಲಿ ಡಬಲ್ ಡಿಗ್ರಿ.

“ಹೋತ ಗುಮ್ಮುತ್ತೆ ಮೇಡಂ, ದೂರ ಇರಿ!”

ಮ್ಯಾನೇಜರು ಬಾಗಿಲು ತೋರಿಸಿದರು.

ಆ ಕೋಣೆಗೆ ಸೋಪಿನ ವಾಸನೆಯೂ ಬರಬಾರದಂತೆ. ನನಗೆ ಯಾರು ಹೇಳಿದ್ದರು? ಆರು ತಿಂಗಳಿಂದ ನಾನು ನೋಡಿದ್ದೆಲ್ಲ ಗಾಜಿನ ಈಚೆಯಿಂದಲೇ. ಅವಳು ಚಮಚೆಯಿಂದ ಸುರ್ರೆಂದು ಹೀರಿ ಕಣ್ಣು ಮುಚ್ಚುವುದು. ಚಹಾ ಹಿಡಿಸಿದರೆ ಎಡಹುಬ್ಬು ಮಾತ್ರ ಮೇಲೇರುವುದು. ಆ ಹುಬ್ಬು ಒಂದು ಸಲ ನನಗಾಗಿ ಏರಲಿ ಎಂದು, ಹಡಗಿನಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದ ಮಾವನ ಹಳೇ ಬಾಟಲಿ ತೆಗೆದಿದ್ದೆ. ದಪ್ಪ ಗಾಜು, ಕರಿ ಮುಚ್ಚಳ, ನನಗಿಂತ ವಯಸ್ಸಾದ ಸೆಂಟು.

“ಈಗಿನ ಸಕ್ಕರೆ ನೀರಲ್ಲ ಕಣೋ ಇದು. ಮೀಸೆ ಇರೋ ಸೆಂಟು! ಎರಡು ಹನಿ ಸಾಕು” ಎಂದಿದ್ದರು ಮಾವ.

ನಾನು ಅಂಗೈ ತುಂಬ ಸುರಿದುಕೊಂಡಿದ್ದೆ.

ಸಂಜೆಯವರೆಗೂ ಮೈಯೆಲ್ಲ ಕುದಿಯುತ್ತಿತ್ತು. ಇನ್ನು ಈ ಕಂಪನಿಯ ಹೊಸ್ತಿಲು ತುಳಿದರೆ ಕೇಳು! ಮೇಲಿನ ಮಹಡಿಯ ಲಾಕರ್ ಖಾಲಿ ಮಾಡಿ, ಟೂಲ್ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದೆ. ಹಿಂದೆ ಚಪ್ಪಲಿ ಸದ್ದು ಕೇಳಿಸಿತು.

“ಒಂದ್ನಿಮಿಷ. ಅಲ್ಲೇ ನಿಲ್ಲಿ.”

ಅವಳೇ.

“ಯಾಕೆ, ಹಗ್ಗ ತಂದಿದ್ದೀರಾ?”

ಅವಳು ನನ್ನ ಮೇಲಿನ ಮೆಟ್ಟಿಲಿನವರೆಗೆ ಇಳಿದು ಬಂದು ಕಣ್ಣು ಮುಚ್ಚಿದಳು. ಮೂಗಿನ ಹೊಳ್ಳೆ ಮೆಲ್ಲಗೆ ಅರಳಿತು.

“ಬೆಳಿಗ್ಗೆ ಬರೀ ಲವಂಗದ ಘಾಟು, ತಲೆಗೆ ಹೊಡೆದ ಹಾಗೆ. ಈಗ... ಹಳೇ ಚರ್ಮದ ಜಾಕೆಟ್ಟು. ಆಗಷ್ಟೇ ಕೊಯ್ದ ಮರ. ಒದ್ದೆ ಕಲ್ಲಿನ ಪಾಚಿ. ಅದರ ಅಡಿಯಲ್ಲಿ ಏನೋ ಬೆಚ್ಚಗೆ, ಜೇನಿನ ಥರ...”

ಅವಳ ಉಸಿರು ನನ್ನ ಕಾಲರಿಗೆ ತಾಗಿತು. ಎದೆಯೊಳಗೆ ಪ್ಯಾಕಿಂಗ್ ಮೆಷಿನ್ನು ಫುಲ್ ಸ್ಪೀಡಿನಲ್ಲಿ ಹೊಡೆದುಕೊಳ್ಳತೊಡಗಿತು. ಎಡಹುಬ್ಬು! ಎಡಹುಬ್ಬು ಏರಿತ್ತು!

ಆದರೂ ರೋಷ ಸುಮ್ಮನಿರಬೇಕಲ್ಲ.

“ಚಹಾ ಬಣ್ಣ ಬಿಡೋಕೆ ಐದು ನಿಮಿಷ ಕಾಯ್ತೀರಿ. ನನಗೆ ಐದು ಸೆಕೆಂಡೂ ಕೊಡಲಿಲ್ಲ ನೀವು.”

ಅವಳ ಮುಖ ಕೆಂಪಾಯಿತು. “ತಪ್ಪಾಯ್ತು. ನಾಳೆ ಅದೇ ಜನರ ಮುಂದೆ ಹೇಳ್ತೀನಿ, ಸರೀನಾ?”

“ನಾಳೆ ನಾನಿರಲ್ಲ. ಕೆಲಸ ಬಿಟ್ಟೆ.”

“ಅಯ್ಯೋ! ಒಂದು ಮಾತಿಗಾ? ಮೂಗಿನ ತುದೀಲೇ ಇದೆಯಲ್ರೀ ಕೋಪ!”

“ಬೇರೆ ಯಾರು ಅಂದಿದ್ರೂ ನಗ್ತಿದ್ದೆ.”

ಬಾಯಿ ಜಾರಿತ್ತು. ಅವಳು ನನ್ನನ್ನೇ ನೋಡಿದಳು. ತುಟಿಯ ತುದಿಯಲ್ಲಿ ನಗು ಬಂತು, ಅದನ್ನು ಅಲ್ಲೇ ಕಚ್ಚಿ ಹಿಡಿದಳು.

“ಒಂದು ಕೇಳ್ಲಾ? ಗೀಸರ್ ರಿಪೇರಿಗೆ ಯಾರಾದ್ರೂ ಅಷ್ಟೊಂದು ಸೆಂಟು ಹಾಕ್ಕೊಂಡು ಬರ್ತಾರಾ? ಯಾರಿಗೋಸ್ಕರ ಹಾಕ್ಕೊಂಡಿದ್ರಿ?”

ಬಾಯಿ ತೆರೆದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚಿಬಿಡುತ್ತೇನೆ ಎನಿಸಿತು.

ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡೆ. ಕೆಳಗೆ ಗೇಟು ತೆರೆದೇ ಇತ್ತು. ನಾನು ಅವಳ ಭುಜದ ಪಕ್ಕದಿಂದ ಹಾದು, ಎರಡೆರಡು ಮೆಟ್ಟಿಲು ಹಾರುತ್ತ, ಬ್ಯಾಗನ್ನು ಮತ್ತೆ ಲಾಕರಿಗೆ ಸೇರಿಸಲು ಮೇಲಕ್ಕೆ ಓಡಿದೆ.

“ರೀ, ಉತ್ತರ ಕೊಟ್ಟು ಹೋಗ್ರೀ!” ನಗುತ್ತ ಕೂಗಿದಳು.

ನಾನು ತಿರುಗಲಿಲ್ಲ.