ಜತೆನಾಡಿ

ದೀಪ ಆರಿದೊಡನೆ ಹುಡುಗಿಯರ ಮಣಿಕಟ್ಟಿನ ಮೇಲಿದ್ದ ಗಡಿಯಾರಗಳು ಒಂದೊಂದಾಗಿ ಮಿಡಿಯತೊಡಗುತ್ತಿದ್ದವು. ಸದ್ದಿಲ್ಲ, ಬೆಳಕಿಲ್ಲ, ಯಾರೋ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದ ಹಾಗೆ, ಅಷ್ಟೇ. ಒಬ್ಬಳ ಕೈಯಲ್ಲಿ ಬಾದಾಮಿಯಲ್ಲಿರುವ ಅಜ್ಜಿಯ ನಾಡಿ, ಇನ್ನೊಬ್ಬಳ ಕೈಯಲ್ಲಿ ಅವಳಿ ತಂಗಿಯದು. ಹಗಲೆಲ್ಲ ಸೈಕಲ್ ತುಳಿದು ದಣಿದ ಮೈಗಳು ಆ ಮಿಡಿತಕ್ಕೆ ತಮ್ಮ ಉಸಿರನ್ನು ಹೊಂದಿಸಿಕೊಂಡು ನಿದ್ದೆಗೆ ಇಳಿಯುತ್ತಿದ್ದವು. ಕಿಟಕಿಯ ಪಕ್ಕದ ಇಂಪನಾ ಮಾತ್ರ ಮಗ್ಗುಲು ಬದಲಿಸುತ್ತ ಎಚ್ಚರವಾಗಿಯೇ ಇರುತ್ತಿದ್ದಳು.

ವಿಜಯಪುರದ ಆ ಕ್ರೀಡಾ ವಸತಿನಿಲಯದ ಸುದ್ದಿಯೆಲ್ಲ ಬನಹಟ್ಟಿಯಲ್ಲಿದ್ದ ಇಂಪನಾಳ ತಾಯಿ ದಾನೇಶ್ವರಿಗೆ ಫೋನಿನಲ್ಲೇ ತಿಳಿಯುತ್ತಿತ್ತು. ಕೇಳಿದಾಗಲೆಲ್ಲ ಅವಳ ಕೈ ಅರಿವಿಲ್ಲದೆ ತನ್ನ ಮಣಿಕಟ್ಟಿಗೆ ಹೋಗುತ್ತಿತ್ತು. ಯಾಕೆಂದರೆ ಮಗಳ ಕೈಯಲ್ಲಿ ಮಿಡಿಯುತ್ತಿದ್ದುದು ಅವಳದೇ ನಾಡಿ.

ದಾನೇಶ್ವರಿ ಹುಡುಗಿಯಾಗಿದ್ದ ಕಾಲದಲ್ಲೂ ನಿದ್ದೆಯ ಲೆಕ್ಕ ಇಡುವ ಗಡಿಯಾರಗಳಿದ್ದವು. ಹೃದಯ ಎಷ್ಟು ಬಡಿಯಿತು, ಎಷ್ಟು ದೂರ ನಡೆದೆ, ಮೈ ಎಷ್ಟು ಚೇತರಿಸಿಕೊಂಡಿತು, ಎಲ್ಲವನ್ನೂ ಹೇಳುತ್ತಿದ್ದವು. ಆದರೆ ನಿನಗೆ ನಿದ್ದೆಯಾಗಿಲ್ಲವೆಂದು ಬೆಳಿಗ್ಗೆ ಚಾಡಿ ಹೇಳುವುದಷ್ಟೇ ಅವಕ್ಕೆ ಗೊತ್ತು, ನಿದ್ದೆ ತರುವುದು ಗೊತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವಳು ಡಾಕ್ಟರ್ ಫರ್ಹಾನಾ ಇನಾಮದಾರ. ತಾಯಿಯ ಎದೆಯ ಮೇಲೆ ಮಲಗಿದ ಕೂಸಿನ ನಾಡಿ ತಾಯಿಯ ನಾಡಿಯ ಹಿಂದೆ ಹೋಗುತ್ತದಲ್ಲ, ದೊಡ್ಡವರಾದರೂ ಮೈ ಅದನ್ನು ಮರೆಯುವುದಿಲ್ಲ ಎಂದು ಅವಳು ಕಂಡುಕೊಂಡಳು. ಹಾಗೆ ಹುಟ್ಟಿದ್ದು ಜತೆನಾಡಿ. ಒಂದು ಗಡಿಯಾರ ಆಟಗಾರರಿಗೆ, ಅದರ ಜೋಡಿ ಅವರು ಆರಿಸಿಕೊಂಡವರಿಗೆ. ದೂರದಲ್ಲಿ ಮಲಗಿದವರ ನಾಡಿ ಇವರ ಕೈಗೆ ಬರುತ್ತಿತ್ತು.

ಹೀಗಾಗಿ ಗಡಿಯಾರ ಆರಿಸುವುದೆಂದರೆ ಮನುಷ್ಯರನ್ನೇ ಆರಿಸಿದಂತಾಯಿತು. ಇಂಪನಾ ಮೊದಲು ಗಡಿಯಾರದ ಕಂಪನಿಯವರು ಕೊಟ್ಟ ಮಾದರಿ ನಾಡಿ ಹಾಕಿಕೊಂಡು ನೋಡಿದಳು. ಅದು ಸೊಗಸಾಗಿ ನಿದ್ದೆ ಮಾಡುವ ಯಾವನೋ ಪೈಲ್ವಾನನದಂತೆ. ಪರಗಂಡಸು ಕೈ ಹಿಡಿದುಕೊಂಡು ಕೂತ ಹಾಗಾಗುತ್ತದೆ ಎಂದು ನಕ್ಕು ಬಿಚ್ಚಿಟ್ಟಳು. ಆಮೇಲೆ ಗೆಳತಿಯದು, ಅದೂ ಹೊಂದಲಿಲ್ಲ. ಕೊನೆಗೆ ಅವ್ವನದೇ ಬೇಕೆಂದಳು. ಆ ಮಾತು ಕೇಳಿದ ದಿನ ದಾನೇಶ್ವರಿ ಓಣಿಯಲ್ಲಿ ಸಿಕ್ಕವರಿಗೆಲ್ಲ ಕೈ ತೋರಿಸಿ ಬಂದಿದ್ದಳು.

ಈಗ ಆ ಹಿಗ್ಗು ಉಳಿದಿರಲಿಲ್ಲ. ಬೆಳಿಗ್ಗೆ ಎದ್ದರೆ ಇಂಪನಾಳ ಗಡಿಯಾರ ಕೆಂಪು ತೋರಿಸುತ್ತಿತ್ತು. ಮೈ ಚೇತರಿಸಿಕೊಂಡಿಲ್ಲ, ಸ್ನಾಯುಗಳ ದುರಸ್ತಿ ಆಗಿಲ್ಲ ಎಂದರ್ಥ. ದಣಿದ ಹುಡುಗಿಯರು ಇಳಿಜಾರಿನ ಟ್ರ್ಯಾಕಿನಲ್ಲಿ ಬಿದ್ದು ಎಲುಬು ಮುರಿದುಕೊಂಡದ್ದನ್ನು ಕೋಚ್ ಹಳ್ಳೂರ ಕಣ್ಣಾರೆ ಕಂಡವರು. ತಿಂಗಳ ಕೊನೆಯವರೆಗೂ ಕೆಂಪಾಗಿಯೇ ಉಳಿದರೆ ಜೋಧಪುರದ ರಾಷ್ಟ್ರೀಯ ಸ್ಪರ್ಧೆಗೆ ಕರೆದೊಯ್ಯುವುದಿಲ್ಲ ಎಂದು ಅವರು ಬಯ್ಯದೆ, ಬೇಸರದಿಂದಲೇ ಹೇಳಿದ್ದರು.

ದಾನೇಶ್ವರಿ ತನ್ನ ಕಡೆಯಿಂದ ಏನೂ ಕಡಿಮೆ ಮಾಡಲಿಲ್ಲ. ಹೊತ್ತು ಮುಳುಗಿದ ಮೇಲೆಯೇ ಅವಳ ಕೈಮಗ್ಗ ಚುರುಕಾಗುವ ರೂಢಿ, ಅದನ್ನು ನಿಲ್ಲಿಸಿದಳು. ಚಹಾ ಬಿಟ್ಟಳು. ಮಗಳು ಮಲಗುವ ಹೊತ್ತಿಗೆ ಸರಿಯಾಗಿ ತಾನೂ ಚಾದರ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಆದರೆ ನಿದ್ದೆಯನ್ನು ಕೆಲಸದಂತೆ ಮಾಡಲು ಹೊರಟರೆ ಅದು ಬಂದೀತೇ? ತನ್ನ ಕಳವಳವೇ ನಾಡಿಯೊಳಗೆ ಹರಿದು ಮಗಳ ಕೈ ಸೇರುತ್ತಿದೆ, ಹಡೆದವಳೇ ಮಗಳ ದಾರಿಗೆ ಅಡ್ಡ ಮಲಗಿದ್ದೇನೆ ಎಂಬ ವಿಚಾರ ಅವಳನ್ನು ತಿನ್ನತೊಡಗಿತು. ಪಕ್ಕದಲ್ಲಿ ಗಂಡ ಈರಪ್ಪ ಹಾಯಾಗಿ ಗೊರಕೆ ಹೊಡೆಯುತ್ತಿದ್ದ.

"ನಂದರ ತಗೊಂಡಿದ್ರ ಹುಡುಗಿಗೆ ಬೆಳಗಾದದ್ದೂ ಗೊತ್ತಾಗ್ತಿರಲಿಲ್ಲ" ಎಂದು ಅವನು ಚೇಷ್ಟೆ ಮಾಡಿದರೆ, "ನಿಮ್ಮ ನಾಡಿ ಹಾಕ್ಕೊಂಡ್ರ ಸೈಕಲ್ ಮ್ಯಾಲೂ ಮಲಗ್ತಾಳ" ಎನ್ನುತ್ತಿದ್ದಳು. ನಗು ಮಾತ್ರ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮದುವೆಯ ಸೀರೆ ಸೆರಗಿನ ಹತ್ತಿರ ಬಂದು ನಿಂತುಬಿಟ್ಟಿತು. ಮದುಮಗಳ ಕಡೆಯವರು ಮರುದಿನವೇ ಬರುವವರು. ರಾತ್ರಿ ದಾನೇಶ್ವರಿ ಮಗ್ಗದ ಮುಂದೆ ಕೂತು ಗಡಿಯಾರ ಬಿಚ್ಚಲು ಹೋದಳು. ಬಿಚ್ಚಿದರೆ ಅಲ್ಲಿ ಮಗಳ ಕೈ ಖಾಲಿಯಾಗುತ್ತದೆ, ಹಿಡಿದ ಕೈ ಬಿಡಿಸಿಕೊಂಡಂತಾಗುತ್ತದೆ ಅನ್ನಿಸಿತು. ಬಿಚ್ಚಲಾರದೆ ಹೋದಳು. ಕಟ್ಟಿಕೊಂಡೇ ನೇಯಲು ಕುಳಿತಳು. ಲಾಳಿ ಅತ್ತಿಂದಿತ್ತ ಓಡಿತು, ಎಳೆ ಕೂಡಿಸುವ ಹಲಗೆ ಬಡಿಯಿತು. ಒಂದೊಂದು ಎಳೆಗೂ ಮಗಳ ಕ್ಷಮೆ ಕೇಳುತ್ತ ಸೆರಗು ಮುಗಿಸಿದಳು.

ಬೆಳಿಗ್ಗೆ ಮಗಳ ಫೋನು ಬಂತು.

"ಅವ್ವಾ, ನಿನ್ನೆ ಏನ್ ಮಾಡಿದಿ?"

"ಏನ್ ಮಾಡ್ಲವಾ, ಲಗೂನ ಮಲಗಿದ್ದೆ."

"ಸುಳ್ಳ ಹೇಳಬ್ಯಾಡ. ಇವತ್ತ ಹಸಿರು ಬಂದದ. ನಾ ಇಲ್ಲಿಗೆ ಬಂದ ಮ್ಯಾಲ ಇಷ್ಟು ನಿದ್ದಿ ಮಾಡಿದ್ದ ಇಲ್ಲ."

ದಾನೇಶ್ವರಿಗೆ ನಂಬಿಕೆ ಬರಲಿಲ್ಲ, ಗಡಿಯಾರ ಕೆಟ್ಟಿರಬೇಕೆಂದುಕೊಂಡಳು. ಇಬ್ಬರ ಗಡಿಯಾರಗಳ ದಾಖಲೆ ನೋಡಿದ ಫರ್ಹಾನಾಗೂ ಅದೇ ಅನುಮಾನ. ತಾಯಿಯ ನಾಡಿ ಓಡುತ್ತಿದ್ದಾಗ ಮಗಳು ಗಾಢನಿದ್ದೆಯಲ್ಲಿದ್ದಳು. ಲೆಕ್ಕದ ಪ್ರಕಾರ ಹಾಗಾಗಬಾರದು. ಅವಳು ಉಪಕರಣಗಳ ಚೀಲ ಹಾಕಿಕೊಂಡು ಬನಹಟ್ಟಿಗೇ ಬಂದಳು. ದಾನೇಶ್ವರಿ ತಪ್ಪು ಮಾಡಿದ ಮಕ್ಕಳ ಹಾಗೆ ನಿಂತು, ಮದುವೆ ಸೀರೆ ಇತ್ತೆಂದು ಇದ್ದದ್ದನ್ನು ಹೇಳಿದಳು. ಫರ್ಹಾನಾ ಸಿಟ್ಟಾಗಲಿಲ್ಲ. ನಿನ್ನೆಯ ಹಾಗೆಯೇ ನೇಯ್ದು ತೋರಿಸಿರಿ ಎಂದಳು.

ಮಗ್ಗ ನಡೆಯುತ್ತಿದ್ದಂತೆ ಅವಳು ಜೋಡಿ ಗಡಿಯಾರವೊಂದನ್ನು ತನ್ನ ಕೈಗೆ ಕಟ್ಟಿಕೊಂಡು ಕಣ್ಣು ಮುಚ್ಚಿದಳು. ನಾಡಿ ಒಂದೇ ಬರಲಿಲ್ಲ. ಅದರ ಜತೆಗೆ ಹಲಗೆ ಬಡಿದಾಗಿನ ಕೈಯ ಅದುರುವಿಕೆಯೂ ಬಂತು. ಜತೆನಾಡಿಯನ್ನು ಮಾಡಿದ್ದು ಮಲಗಿದವರ ಕೈಗೆಂದು. ಮಲಗಿದವರ ಕೈ ಅಲುಗುವುದಿಲ್ಲವಾದ್ದರಿಂದ, ಅದುರುವಿಕೆಯನ್ನು ಸೋಸಿ ತೆಗೆಯುವ ಏರ್ಪಾಡನ್ನು ಯಾರೂ ಅದರಲ್ಲಿ ಇಟ್ಟಿರಲಿಲ್ಲ.

"ಇಂಪನಾ ಸಣ್ಣಾಕಿದ್ದಾಗ ಎಲ್ಲಿ ಮಲಗತಿದ್ಲು?" ಫರ್ಹಾನಾ ಕಣ್ಣು ತೆರೆದು ಕೇಳಿದಳು.

"ಇಲ್ಲೇ ರೀ. ತೊಟ್ಟಿಲದ ಹಗ್ಗ ನನ್ನ ಕಾಲಿಗೆ ಕಟ್ಕೋತಿದ್ದೆ. ನಾ ತುಳದಂಗ ತೊಟ್ಟಿಲಾ ತೂಗತಿತ್ತು. ಮಗ್ಗ ನಿಂತ್ರ ಸಾಕು, ಎದ್ದು ಅಳಾಕಿ. ನಾ ಉಣ್ಣಾಕ ಎದ್ರೂ ಬಿಡ್ತಿರಲಿಲ್ಲ."

ಹೇಳುತ್ತಿದ್ದಂತೆ ಅವಳ ಕಾಲು ತಾನಾಗಿ ನಿಂತಿತು. ತಾನೇನು ಹೇಳಿದೆನೆಂದು ಅವಳಿಗೇ ಈಗ ಕೇಳಿಸಿದ ಹಾಗಿತ್ತು.

"ನಮ್ಮ ಅಬ್ಬಾ ಗೋಳಗುಮ್ಮಟದ ಮುಂದ ಟಾಂಗಾ ಹೊಡೀತಿದ್ರು" ಎಂದಳು ಫರ್ಹಾನಾ, ಕೈಯ ಗಡಿಯಾರ ಬಿಚ್ಚುತ್ತ. "ಅವರ ತೊಡಿ ಮ್ಯಾಲ ನಾ ಮಲಗತಿದ್ದೆ, ಅವರು ಲಗಾಮು ಹಿಡಕೊಂಡ ಇರತಿದ್ರು. ಇಷ್ಟ ವರ್ಷ ನಿದ್ದಿ ಬಗ್ಗೆ ಓದಿದೆ, ಅದು ನೆನಪಾಗಲಿಲ್ಲ ನೋಡ್ರಿ. ನಮ್ಮ ಪ್ರಯೋಗದಾಗ ಎಲ್ಲಾ ತಾಯಂದಿರನ್ನೂ ಮಲಗಿಸಿಬಿಟ್ವಿ."

ಆಮೇಲೆ ಅವಳು ಸಾವಕಾಶವಾಗಿ ತಿಳಿಸಿ ಹೇಳಿದಳು. ಮಲಗುವ ಮೊದಲು ಮಿದುಳು ಒಳಗೊಳಗೇ ಕಾವಲು ಯಾರೆಂದು ಕೇಳಿಕೊಳ್ಳುತ್ತದೆ. ಕೆಲವರಿಗೆ ಪಕ್ಕದಲ್ಲಿ ಮಲಗಿದವರ ಶಾಂತಿ ಸಾಕು. ಕೆಲವರಿಗೆ ಹತ್ತಿರದಲ್ಲಿ ಒಬ್ಬರು ಎದ್ದು ದುಡಿಯುತ್ತಿದ್ದಾರೆಂಬ ಗುರುತು ಸಿಗಬೇಕು. ಆಗಲೇ ಮೈ ತನ್ನ ಕಾವಲನ್ನು ಇಳಿಸಿ ದುರಸ್ತಿಗೆ ತೊಡಗುತ್ತದೆ.

ದಾನೇಶ್ವರಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಹಾಗಿದ್ದರೆ ದಿನಾ ನೇಯುತ್ತೇನೆ, ಅದೇನು ದೊಡ್ಡ ಮಾತು ಎಂದಳು. ಅಡ್ಡ ಬಂದವಳು ಇಂಪನಾ. ಸಂಗತಿ ತಿಳಿದಾಗ ಫೋನಿನಲ್ಲಿ ಅವಳ ದನಿ ಗಟ್ಟಿಯಾಯಿತು.

"ನೀ ಎದ್ದ ಕೂತ್ರನ ನಾ ಮಲಗೂದು ಅಂದ್ರ ನನಗ ಆ ನಿದ್ದಿ ಬ್ಯಾಡ. ಜೋಧಪುರನೂ ಬ್ಯಾಡ."

ಎಷ್ಟು ಹೇಳಿದರೂ ಹುಡುಗಿ ಬಗ್ಗಲಿಲ್ಲ. ಗಡಿಯಾರ ಬಿಚ್ಚಿಟ್ಟು ಕೂತಳು. ಫರ್ಹಾನಾ ದಾರಿ ಹುಡುಕಿದಳು. ಹಗಲಿನಲ್ಲಿ ನೇಯುವಾಗಿನ ನಾಡಿಯನ್ನು ತುಂಬಿಟ್ಟು, ಮಗಳು ಮಲಗುವಾಗ ಬಿಟ್ಟರೆ ಮೈಗೆ ವ್ಯತ್ಯಾಸ ತಿಳಿಯಲಿಕ್ಕಿಲ್ಲ ಎಂಬುದು ಅವಳ ಅಂದಾಜು. ಇಂಪನಾ ಮತ್ತೆ ಗಡಿಯಾರ ಕಟ್ಟಿಕೊಂಡಳು, ಅವಳ ಮೈಗೆ ತಿಳಿಯಲಿಲ್ಲ. ಗಡಿಯಾರ ಹಸಿರಾಯಿತು, ಮರುದಿನವೂ ಹಸಿರಾಗಿಯೇ ಉಳಿಯಿತು. ತಿಂಗಳ ಕೊನೆಗೆ ಹಳ್ಳೂರ ಅವರೇ ಫೋನು ಮಾಡಿ ಜೋಧಪುರಕ್ಕೆ ಹುಡುಗಿಯ ಟಿಕೆಟ್ ತೆಗೆಸಿದ್ದಾಗಿ ಹೇಳಿದರು.

"ನಾ ಮಲಗಿದ್ರೂ ನನ್ನ ನಾಡಿ ಕೆಲಸಕ್ಕ ಹೋಗಿ ಬರತದ ಅಂದಂಗಾತು" ಎಂದು ದಾನೇಶ್ವರಿ ನಕ್ಕಳು.

"ನೀವು ಮಲಗತೀರೇನು?" ಫರ್ಹಾನಾ ಕೇಳಿದಳು. ಅವಳ ಮುಂದೆ ದಾನೇಶ್ವರಿಯ ನಿದ್ದೆಯ ನಕ್ಷೆಯಿತ್ತು, ಅದೆಲ್ಲ ಕೆಂಪೇ. "ಹೊಳ್ಳಿ ನಿಮಗ ಯಾರ ನಾಡಿ ಬೇಕು, ಹೇಳ್ರಿ."

ದಾನೇಶ್ವರಿ ಒಬ್ಬೊಬ್ಬರನ್ನಾಗಿ ನೆನೆದಳು. ತನ್ನ ಅವ್ವ ಈಗಿಲ್ಲ. ಗಂಡನದೋ, ಅದು ಕೈಗೆ ಬೇರೆ ಬರಬೇಕಾಗಿಲ್ಲ, ಗೋಡೆಯಾಚೆಗೂ ಕೇಳುತ್ತದೆ. ತನ್ನ ನಿದ್ದೆಯೂ ಯಾರಾದರೂ ಚಿಂತಿಸಬೇಕಾದ ಸಂಗತಿಯೆಂದು ಅವಳಿಗೆ ಅಲ್ಲಿಯವರೆಗೆ ಅನ್ನಿಸಿಯೇ ಇರಲಿಲ್ಲ. ಆ ಮಾತು ಇಂಪನಾಗೆ ಮುಟ್ಟಿತು. ಯಾರೂ ಕೇಳದೆಯೇ ಅವಳು ಕಳಿಸಿದಳು: ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವಾಗಿನ ತನ್ನ ನಾಡಿ, ಅದರೊಳಗೆ ಹ್ಯಾಂಡಲಿನ ನಡುಕ, ಪೆಡಲಿನ ತಾಳ.

ಮಧ್ಯಾಹ್ನ ಊಟಕ್ಕೆ ಬಂದ ಈರಪ್ಪ ಮಗ್ಗ ಸುಮ್ಮನಿದ್ದುದನ್ನು ಕಂಡು ಗಾಬರಿಯಾದ. ಹೆಂಡತಿ ನೆಲದ ಮೇಲೆ ಕೈ ಚೆಲ್ಲಿ ಮಲಗಿದ್ದಳು. ಅವಳ ಮಣಿಕಟ್ಟಿನಲ್ಲಿ ಮಗಳು ಸೈಕಲ್ ತುಳಿಯುತ್ತಿದ್ದಳು. ಅವನು ತಟ್ಟೆ ಸಪ್ಪಳವಾಗದಂತೆ ತಾನೇ ಬಡಿಸಿಕೊಂಡ.

ವರುಷದೊಳಗೆ ಜತೆನಾಡಿ ಅಂಗಡಿಗಳಿಗೆ ಬಂತು. ಖೋಖೋ ಆಡುವ ಪಕ್ಕದ ಮನೆಯ ಹುಡುಗಿ ಸಹನಾ ಫೋನಿನಲ್ಲಿ ಸಾಲು ಸಾಲು ಗಡಿಯಾರ ತೋರಿಸುತ್ತ, ಯಾವುದು ಕೊಳ್ಳಲಿ ಕಾಕೂ, ಬ್ಯಾಟರಿ ಯಾವುದರದು ಚಲೋ ಎಂದು ಕೇಳಿದಳು. ಬ್ಯಾಟರಿಯ ವಿಷಯ ದಾನೇಶ್ವರಿಗೆ ಗೊತ್ತಿರಲಿಲ್ಲ.

"ಯಾವುದರ ತಗೋವಾ. ನೀ ಮಲಗಿದ ಮ್ಯಾಲ ನಿಮ್ಮನ್ಯಾಗ ಯಾರು ಎದ್ದಿರತಾರ?"

ಇಷ್ಟು ವರ್ಷ ಅದೇ ಮನೆಯಲ್ಲಿ ಮಲಗಿ ಎದ್ದ ಸಹನಾಗೆ ಅದು ಗೊತ್ತಿರಲಿಲ್ಲ. ಫೋನು ಆರಿಸಿ ಎದ್ದು ಹೋದಳು. ಆ ರಾತ್ರಿ ಅವಳು ಹಾಸಿಗೆಯಲ್ಲಿ ಕಣ್ಣು ಮುಚ್ಚಿ, ನಿದ್ದೆಯನ್ನು ತಡೆದುಕೊಂಡು, ಮನೆಯೊಳಗಿನ ಸದ್ದುಗಳಿಗೆ ಕಿವಿಗೊಟ್ಟು ಮಲಗಿದಳು.