ನಲವತ್ತೊಂದು ಕೈಗಳ ಲೆವೆಲ್

ನಾನು ಕೆಮಿಸ್ಟ್ರಿ ಟೀಚರ್. ಸುಳ್ಳು ಹೇಳುವುದು ನನಗೆ ಬರುವುದಿಲ್ಲ ಎಂದುಕೊಂಡಿದ್ದೆ, ಆ ಸೋಮವಾರದವರೆಗೆ.

ನನ್ನ ಪರಿಚಯದವನೊಬ್ಬ ತನ್ನ ಅಕ್ಕನ ಟೈಲರಿಂಗ್ ಅಂಗಡಿಯ ಮೇಲಿನ ರೂಮಿನಲ್ಲಿ ಒಬ್ಬನೇ ಕೂತು ಮೂರು ವರ್ಷದಿಂದ ಒಂದು ವಿಡಿಯೋ ಗೇಮ್ ಮಾಡುತ್ತಿದ್ದ. ಪರದೆಯ ತುಂಬ ಪರಮಾಣುಗಳು. ಕಾರ್ಬನ್‌ಗೆ ನಾಲ್ಕು ಕೈ, ಆಕ್ಸಿಜನ್‌ಗೆ ಎರಡು, ಹೈಡ್ರೋಜನ್‌ಗೆ ಒಂದು. ಎಲ್ಲ ಕೈಗಳೂ ಜೋಡಿಯಾದರೆ ಲೆವೆಲ್ ಮುಗಿಯಿತು. ಒಟ್ಟು ಐವತ್ತು ಲೆವೆಲ್. ಶಾಲೆಯ ರಜೆಯಲ್ಲಿ ಅವನ್ನು ಆಡಿ ತಪ್ಪು ಹುಡುಕಿಕೊಡುವುದು ನನ್ನ ಕೆಲಸ. ಶುಕ್ರವಾರ ಗೇಮ್ ಬಿಡುಗಡೆ.

ಸೋಮವಾರ ಐವತ್ತನೆಯದನ್ನು ತೆರೆದೆ. ಎಣಿಸಿದೆ. ನಲವತ್ತೊಂದು ಕೈ. ಬೆಸ ಸಂಖ್ಯೆ, ತಿಪ್ಪರಲಾಗ ಹಾಕಿದರೂ ಒಂದು ಕೈ ಉಳಿದೇ ಉಳಿಯುತ್ತದೆ. ಪಾಪ, ಎಲ್ಲೋ ಒಂದು ಹೈಡ್ರೋಜನ್ ಬಿಟ್ಟಿದ್ದಾನೆ. ಹೇಳಿದರೆ ಎರಡು ನಿಮಿಷದ ಕೆಲಸ, ಆಮೇಲೆ ನಾನು ಮನೆಗೆ. ಅವನೋ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಮನುಷ್ಯ. ಅದನ್ನು ನೋಡುವುದು ನನಗೆ ಇಷ್ಟ. ಮುಚ್ಚಿಡುವುದೇನು, ಅವನೇ ಇಷ್ಟ. ಹಾಗಾಗಿ ಬಾಯಿ ಬಿಡಲಿಲ್ಲ.

"ಆಯ್ತಾ?" ಎಂದು ಕೇಳಿದ.

"ಕಷ್ಟ ಇದೆ. ನಾಳೆ ನೋಡ್ತೀನಿ."

ಮಂಗಳವಾರವೂ ಅದೇ ಮಾತು, ಬುಧವಾರವೂ ಅದೇ. ಮೆಟ್ಟಿಲಿಳಿಯುವಾಗ ಅವನ ಅಕ್ಕ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದರು: "ಇನ್ನೂ ಮುಗೀಲಿಲ್ವಾ ನಿಮ್ಮಿಬ್ಬರ ಘನಂದಾರಿ ಕೆಲಸ?"

ಗುರುವಾರ ತಡೆಯಲಾಗಲಿಲ್ಲ. ಮೂರು ವರ್ಷ ಕಷ್ಟಪಟ್ಟಿದ್ದಾನೆ. ನನ್ನ ಆಸೆಗೆ ನಾಳೆ ಆಡಿದವರೆಲ್ಲ ಅವನನ್ನು ಉಗಿಯಬೇಕೇ?

"ನೋಡಿ, ಇದು ಮುಗಿಯೋ ಲೆವೆಲ್ಲೇ ಅಲ್ಲ. ಒಂದು ಹೈಡ್ರೋಜನ್ ಕಡಿಮೆ ಇದೆ. ಸೋಮವಾರವೇ ಗೊತ್ತಾಗಿತ್ತು, ಹೇಳಲಿಲ್ಲ. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ. ಕಿವಿ ಕೆಂಪಾಯಿತು.

"ನನಗೆ ಭಾನುವಾರವೇ ಗೊತ್ತಿತ್ತು ಟೀಚರ್. ನಾನೇ ತೆಗೆದಿದ್ದು."

"ಯಾಕೆ?"

"ಮೊದಲಿನ ನಲವತ್ತೊಂಬತ್ತು ಲೆವೆಲ್ಲನ್ನೂ ಹತ್ತೇ ದಿನಕ್ಕೆ ಮುಗಿಸಿಬಿಟ್ರಿ. ಇದೂ ಮುಗಿದ್ರೆ ನೀವು ಬರಲ್ಲ ಅಂತ ಭಯ ಆಯ್ತು."

ಅಯ್ಯೋ ದೇವರೇ! ನಾಲ್ಕು ದಿನ ಇಬ್ಬರೂ ಎದುರುಬದುರು ಕೂತು, ಮುಖ ಗಂಟಿಕ್ಕಿಕೊಂಡು, ಆಗದ ಲೆವೆಲ್‌ಗೆ ತಲೆ ಕೆಡಿಸಿಕೊಂಡವರ ನಾಟಕ ಆಡಿದ್ದೆವು. ಕೋಪ ಬರಬೇಕಿತ್ತು. ನಗು ಬಂತು, ಜೊತೆಗೆ ಒಂದಿಷ್ಟು ಕಣ್ಣೀರೂ.

"ಮೊದಲು ಅದನ್ನ ವಾಪಸ್ ಹಾಕಿ," ಎಂದೆ.

ಹಾಕಿದ. ಆರು ನಿಮಿಷಕ್ಕೆ ಆಡಿ ಮುಗಿಸಿದೆ. ಅವನು ಪರದೆ ನೋಡಲೇ ಇಲ್ಲ, ನನ್ನ ಬ್ಯಾಗ್ ನೋಡುತ್ತಿದ್ದ.

"ಇನ್ನು ಕೆಲಸ ಇಲ್ಲ," ಎಂದ.

"ಇಲ್ಲ," ಎಂದೆ. "ನಾಳೆ ಎಷ್ಟು ಹೊತ್ತಿಗೆ ಬರ್ಲಿ?"